ದೇಹದ ಹುಣ್ಣನ್ನು ಮುಚ್ಚಿಡದ ಕವಿ ಹುಟನ್

ಲೈಂಗಿಕ ಸಂಪರ್ಕದಿಂದ ಹರಡುವ ಚರ್ಮವ್ಯಾಧಿಯು ರೋಗಿಯ ಮೈಯನ್ನಷ್ಟೇ ಅಲ್ಲ, ಆತನ ನಿದ್ದೆ, ನಡಿಗೆ, ನಂಟು, ಮಾನಗಳನ್ನೂ ಕಸಿದುಕೊಳ್ಳುತ್ತದೆ. ಐದು ಶತಮಾನಗಳ ಹಿಂದೆಯೇ ಸ್ವಂತ ದೇಹವನ್ನು ಸಾಕ್ಷಿಯಾಗಿಟ್ಟು ಈ ಸತ್ಯವನ್ನು ಬರೆದವನು ಜರ್ಮನಿಯ ಕವಿ ಉಲ್ರಿಶ್ ಫಾನ್ ಹುಟನ್.

1488ರಲ್ಲಿ ಸ್ಟೆಕೆಲ್‌ಬರ್ಗ್ ಕೋಟೆಯ ಸರದಾರ ಮನೆತನದಲ್ಲಿ ಜನಿಸಿದ ಹುಟನ್‌ನನ್ನು ಹನ್ನೊಂದನೇ ವಯಸ್ಸಿನಲ್ಲಿ ಫುಲ್ಡಾದ ಕ್ರೈಸ್ತ ಮಠಕ್ಕೆ ಸೇರಿಸಲಾಯಿತು. ಸನ್ಯಾಸ ಒಲ್ಲದ ಆತ 1505ರಲ್ಲಿ ಅಲ್ಲಿಂದ ಪಲಾಯನ ಮಾಡಿ, ಊರೂರು ಅಲೆದು ವಿದ್ಯೆ ಕಲಿತ. ತಾರುಣ್ಯದಲ್ಲಿಯೇ ಸಿಫಿಲಿಸ್ ಅಂಟಿಕೊಂಡಿತು.

1495ರಲ್ಲಿ ಇಟಲಿಯ ನೇಪಲ್ಸ್ ನಗರವನ್ನು ಹೊಕ್ಕ ಫ್ರೆಂಚ್ ಸೇನೆಯಲ್ಲಿ ಕಾಣಿಸಿಕೊಂಡು ಯೂರೋಪಿನಾದ್ಯಂತ ಹಬ್ಬಿದ ಈ ಬೇನೆಯನ್ನು ಜರ್ಮನ್ನರು ಫ್ರೆಂಚ್ ರೋಗವೆಂದು ಕರೆದರು. ಭಾರತದ ವೈದ್ಯಗ್ರಂಥಗಳಲ್ಲಿ ಅದು ಫಿರಂಗ ರೋಗವಾಯಿತು. ಕಳಂಕವನ್ನು ಪರರ ತಲೆಗೆ ಕಟ್ಟುವ ರೀತಿ ಎಲ್ಲೆಡೆಯೂ ಒಂದೇ.

ಅಂದಿನ ಮುಖ್ಯ ಚಿಕಿತ್ಸೆ ಪಾದರಸದ ಲೇಪ. ರೋಗಿಯನ್ನು ಕಾದ ಕೋಣೆಯಲ್ಲಿ ಕೂಡಿಹಾಕಿ ಮೈಗೆಲ್ಲ ಲೇಪ ಹಚ್ಚಲಾಗುತ್ತಿತ್ತು. ಬಾಯಿ ಹುಣ್ಣಾಗಿ, ಹಲ್ಲುಗಳು ಅಲುಗಾಡಿ, ಜೊಲ್ಲು ಸುರಿಯುತ್ತಿತ್ತು. ಒಂಬತ್ತು ವರ್ಷಗಳಲ್ಲಿ ಹುಟನ್ ಈ ಯಾತನೆಯನ್ನು 11 ಬಾರಿ ಅನುಭವಿಸಿದ. 1517ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಕವಿಕಿರೀಟ ತೊಡಿಸಿದಾಗಲೂ ಆತ ಈ ರೋಗಪೀಡಿತನೇ ಆಗಿದ್ದ.

ಮರುವರ್ಷ ಆಗ್ಸ್‌ಬರ್ಗ್‌ನಲ್ಲಿ, ಅಮೆರಿಕದ ದ್ವೀಪಗಳಿಂದ ಬರುತ್ತಿದ್ದ ಗ್ವಾಯಕಮ್ ಮರದ ಕಷಾಯ ಸೇವಿಸಿ, ಉಪವಾಸವಿದ್ದು, ಬೆವರು ಹರಿಸಿದ. ಗುಣವಾಯಿತೆಂದು ನಂಬಿ 1519ರಲ್ಲಿ ರೋಗ ಮತ್ತು ಚಿಕಿತ್ಸೆ ಕುರಿತು ಲ್ಯಾಟಿನ್ ಗ್ರಂಥ ಪ್ರಕಟಿಸಿದ. ಜನರು ಹೆಸರೆತ್ತಲೂ ನಾಚುವ ವ್ರಣಗಳನ್ನು, ನೋವನ್ನು ಅದರಲ್ಲಿ ತನ್ನದೆಂದೇ ವಿವರಿಸಿದ. ಆದರೆ ರೋಗ ಮರುಕಳಿಸಿತು.

ಲೂಥರನ ಪಕ್ಷ ವಹಿಸಿ ರಾಜಕೀಯವಾಗಿ ಸೋತ ಹುಟನ್ 1522ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದಾಗ ಹಳೆಯ ಮಿತ್ರ ಎರಾಸ್ಮಸ್ ಭೇಟಿ ನಿರಾಕರಿಸಿದ. ರೋಗಿಗೆ ಒಲೆಯ ಶಾಖವಿಲ್ಲದೆ ಇರಲಾಗದು, ತನಗೆ ಆ ಶಾಖ ಸಹಿಸಲಾಗದು ಎಂಬುದು ಆತ ಕೊಟ್ಟ ಕಾರಣ. ಹುಟನ್‌ನ ಮತೀಯ ನಿಲುವಿನೊಡನೆ ಗುರುತಿಸಿಕೊಳ್ಳುವ ಅಂಜಿಕೆಯೂ ಅದರ ಹಿಂದಿತ್ತು. ಕೊನೆಗೆ ಆಶ್ರಯ ನೀಡಿದವನು ಜ್ಯೂರಿಕ್‌ನ ಧರ್ಮಸುಧಾರಕ ಜ್ವಿಂಗ್ಲಿ. 1523ರಲ್ಲಿ ಅಲ್ಲಿನ ಸರೋವರದ ಉಫೆನಾವ್ ದ್ವೀಪದಲ್ಲಿ ಹುಟನ್ ನಿಧನನಾದ. ವಯಸ್ಸು ಕೇವಲ 35. ಲೇಖನಿಯ ಹೊರತು ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ.

ಸಿಫಿಲಿಸ್‌ನ ರೋಗಾಣು ಪತ್ತೆಯಾದದ್ದು 1905ರಲ್ಲಿ. ಪೆನಿಸಿಲಿನ್ ಅದನ್ನು ಗುಣಪಡಿಸಬಲ್ಲದೆಂದು ತಿಳಿದದ್ದು 1943ರಲ್ಲಿ. ಚರ್ಮರೋಗಿಗಳ ಜೀವನಮಟ್ಟ ಅಳೆಯಲು 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ವೈದ್ಯರು ಹತ್ತು ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ನೋವು, ಮುಜುಗರ, ಉಡುಪು, ಕೆಲಸ, ಆಪ್ತರ ಒಡನಾಟ, ಚಿಕಿತ್ಸೆಯ ಕಿರಿಕಿರಿ ಅದರಲ್ಲಿವೆ. ಇವುಗಳಲ್ಲಿ ಹುಟನ್ ಅನುಭವಿಸದಿದ್ದುದು ವಿರಳ. ಇಂದು ಆರಂಭದಲ್ಲೇ ಪತ್ತೆಯಾದರೆ ಸಿಫಿಲಿಸ್‌ಗೆ ಒಂದು ಚುಚ್ಚುಮದ್ದು ಸಾಕಾಗಬಹುದು. ಆದರೆ ಅದನ್ನು ಪಡೆಯಲು ರೋಗಿ ಮೊದಲು ವೈದ್ಯರೆದುರು ಬಾಯಿ ಬಿಡಬೇಕು. ಔಷಧವೇ ಇಲ್ಲದ ಕಾಲದಲ್ಲಿ ಆ ಧೈರ್ಯವನ್ನು ಹುಟನ್ ತೋರಿದ್ದ.