ಹಾಫ್‌ಕಿನ್ನರೂ ಮುಲ್ಕೊವಾಲದ ಸೀಸೆಯೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಗಳಲ್ಲಿ ಮಣ್ಣಿಗೂ ಕೊಟ್ಟಿಗೆಯ ಗೊಬ್ಬರಕ್ಕೂ ಸಂಬಂಧವಿಲ್ಲದ ಮನೆ ವಿರಳ. ಆಲೂಗೆಡ್ಡೆಯ ಹೊಲದಲ್ಲಿ ಗುದ್ದಲಿ ತಗುಲಿದ ಕಾಲು, ತುಕ್ಕು ಹಿಡಿದ ಮೊಳೆ ಚುಚ್ಚಿದ ಅಂಗಾಲು, ಇವು ಇಲ್ಲಿ ದಿನದಿನದ ಮಾತು. ಇಂತಹ ಗಾಯಗಳ ಮೂಲಕವೇ ಧನುರ್ವಾಯುವಿನ ಸೂಕ್ಷ್ಮಜೀವಿಯು ದೇಹವನ್ನು ಹೊಗುವುದು. ಮಣ್ಣಿನಲ್ಲಿ ಅಡಗಿರುವ ಈ ಜೀವಿಯೂ ಅಧಿಕಾರವರ್ಗದ ಆತುರವೂ ಕೂಡಿ, ನಮ್ಮ ದೇಶಕ್ಕೆ ಮಹೋಪಕಾರವೆಸಗಿದ ಒಬ್ಬ ವಿಜ್ಞಾನಿಯ ಬಾಳನ್ನು ಹೇಗೆ ಕಹಿಯಾಗಿಸಿದುವೆಂಬುದು ನಮ್ಮ ಜನರು ಮರೆಯಬಾರದ ಚರಿತ್ರೆ.

ವಾಲ್ಡೆಮಾರ್ ಹಾಫ್‌ಕಿನ್ನರು 1860ರ ಮಾರ್ಚಿಯಲ್ಲಿ ಆಗಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ಪಟ್ಟಣದ ಯೆಹೂದಿ ಕುಟುಂಬದಲ್ಲಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಸಿದ್ಧ ವಿಜ್ಞಾನಿ ಮೆಚ್ನಿಕಾಫರ ಶಿಷ್ಯರಾಗಿದ್ದರು. ಝಾರನ ಆಡಳಿತದಲ್ಲಿ ಯೆಹೂದ್ಯನಿಗೆ ಪ್ರಾಧ್ಯಾಪಕ ಪದವಿ ದೊರೆಯಬೇಕಾದರೆ ಮತವನ್ನು ಬದಲಿಸಬೇಕಾಗಿತ್ತು. ಹಾಫ್‌ಕಿನ್ನರು ಅದಕ್ಕೊಪ್ಪದೆ ಸ್ವದೇಶವನ್ನೇ ತೊರೆದು, 1889ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರಿಗೆ ಮೊದಲು ದೊರೆತದ್ದು ಪುಸ್ತಕಭಂಡಾರದ ಸಹಾಯಕನ ಕೆಲಸ. ಬಿಡುವಿನಲ್ಲಿ ದುಡಿದು ಕಾಲರಾಕ್ಕೆ ಚುಚ್ಚುಮದ್ದನ್ನು ಸಿದ್ಧಪಡಿಸಿ, 1892ರ ಜುಲೈಯಲ್ಲಿ ಅದನ್ನು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿಕೊಂಡರು. ಮರುವರ್ಷ ಭಾರತಕ್ಕೆ ಬಂದು, ಬಂಗಾಳವೇ ಮೊದಲಾದ ಪ್ರಾಂತಗಳಲ್ಲಿ ಸಾವಿರಾರು ಮಂದಿಗೆ ಆ ಮದ್ದನ್ನು ಚುಚ್ಚಿದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗ್ರಾಂಟ್ ವೈದ್ಯಕಾಲೇಜಿನ ಇಕ್ಕಟ್ಟಾದ ಸ್ಥಳದಲ್ಲಿ ಕೆಲವೇ ಸಹಾಯಕರೊಡನೆ ಅಹೋರಾತ್ರಿ ಶ್ರಮಿಸಿ ಹಾಫ್‌ಕಿನ್ನರು ಅದಕ್ಕೂ ಮದ್ದನ್ನು ಕಂಡುಹಿಡಿದರು. 1897ರ ಜನವರಿ 10ರಂದು ಪ್ರಥಮವಾಗಿ ತಮಗೇ ಚುಚ್ಚಿಸಿಕೊಂಡು ಜ್ವರವನ್ನೂ ನೋವನ್ನೂ ಅನುಭವಿಸಿದರು. ಆ ಮಾರಿಯು 1898ರಲ್ಲಿ ಬೆಂಗಳೂರನ್ನು ಹೊಕ್ಕು ಮೈಸೂರು ಸಂಸ್ಥಾನದಲ್ಲಿ ಹಬ್ಬಿತು. ಜನರು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ಆ ಕಾಲವನ್ನು ನಮ್ಮ ಹಿರಿಯರು ಬಹುದಿನ ಹೇಳುತ್ತಿದ್ದರು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಮಂದಿ ಹಾಫ್‌ಕಿನ್ನರ ಮದ್ದನ್ನು ಚುಚ್ಚಿಸಿಕೊಂಡರು. ಮದ್ದಿನ ಬೇಡಿಕೆ ಹೆಚ್ಚಿದುದರಿಂದ 1899ರಲ್ಲಿ ಪರೇಲಿನ ಹಳೆಯ ಸರಕಾರೀ ಭವನದಲ್ಲಿ ದೊಡ್ಡ ಪ್ರಯೋಗಶಾಲೆಯು ಏರ್ಪಟ್ಟಿತು.

ಇಂತಹ ಕೀರ್ತಿಯ ಕಾಲದಲ್ಲಿಯೇ ವಿಪತ್ತು ಬಂದೆರಗಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲವೆಂಬ ಗ್ರಾಮದಲ್ಲಿ 107 ಮಂದಿಗೆ ಪ್ಲೇಗಿನ ಮದ್ದನ್ನು ಚುಚ್ಚಲಾಯಿತು. ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಅವರ ಪೈಕಿ 19 ಮಂದಿಗೆ ಧನುರ್ವಾಯು ತಲೆದೋರಿತು. ಆ ಹತ್ತೊಂಬತ್ತು ಮಂದಿಯೂ ಮೃತಪಟ್ಟರು. ಎಲ್ಲರಿಗೂ ಒಂದೇ ಸೀಸೆಯಿಂದ ಮದ್ದು ಹೋಗಿತ್ತು. ಉಳಿದ ಸೀಸೆಗಳ ಮದ್ದು ಪಡೆದವರಿಗೆ ಯಾವ ಕೇಡೂ ಆಗಲಿಲ್ಲ.

ಈ ರೋಗದ ಸ್ವಭಾವವನ್ನು ಇಲ್ಲಿ ಅರಿತುಕೊಳ್ಳುವುದು ಅವಶ್ಯಕ. ಇದರ ಸೂಕ್ಷ್ಮಜೀವಿಯನ್ನು 1889ರಲ್ಲಿ ಜಪಾನಿನ ಕಿಟಾಸಾಟೋ ಅವರು ಬರ್ಲಿನ್ನಿನಲ್ಲಿ ಮೊತ್ತಮೊದಲು ಶುದ್ಧವಾಗಿ ಬೇರ್ಪಡಿಸಿ ಬೆಳೆಸಿದರು. ಗಾಳಿಯಾಡದ ಕಡೆಯಲ್ಲಿ ಮಾತ್ರ ಇದು ಬೆಳೆಯುವುದು. ಅನುಕೂಲವಿಲ್ಲದಾಗ ಗಟ್ಟಿ ಕವಚವನ್ನು ತೊಟ್ಟು ಬೀಜದಂತೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದು. ಗಾಯದೊಳಗೆ ಬೆಳೆದಾಗ ಅದು ಉತ್ಪತ್ತಿ ಮಾಡುವ ವಿಷವು ನರಗಳ ಹಾದಿಯಲ್ಲಿ ಬೆನ್ನುಹುರಿಯನ್ನು ಸೇರಿ, ಬಿಗಿದ ಸ್ನಾಯುವನ್ನು ಸಡಿಲಿಸುವ ಸಂದೇಶವನ್ನೇ ತಡೆದುಬಿಡುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ. ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಧನುರ್ವಾಯುವೆಂಬ ಹೆಸರು ಇದರಿಂದಲೇ ಬಂದಿತು.

ಸರಕಾರವು ವಿಚಾರಣಾ ಮಂಡಲಿಯನ್ನು ನೇಮಿಸಿತು. ಸೀಸೆಯು ಪರೇಲಿನಲ್ಲಿಯೇ ಕಲುಷಿತವಾಗಿದ್ದಿತೆಂದು ಮಂಡಲಿಯು ನಿರ್ಣಯಿಸಿತು. ಮದ್ದಿಗೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸುವ ಹಿಂದಿನ ಪದ್ಧತಿಯನ್ನು ಹಾಫ್‌ಕಿನ್ನರು ಕೈಬಿಟ್ಟಿದ್ದುದೇ ದೊಡ್ಡ ತಪ್ಪೆನಿಸಿತು. ಆದರೆ ಮುಲ್ಕೊವಾಲದಲ್ಲಿ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ ಮತ್ತೆ ಬಳಸಲಾಗಿತ್ತು. ಪ್ರಯೋಗಶಾಲೆಯಿಂದ ಹೊರಟು ವಾರಗಟ್ಟಲೆಯಾಗಿದ್ದ ಸೀಸೆಯೊಳಗೆ ಆ ಜೀವಿ ಮೊದಲೇ ಬೆಳೆದಿದ್ದರೆ, ತೆರೆದೊಡನೆಯೇ ದುರ್ವಾಸನೆ ಹೊಡೆಯಬೇಕಾಗಿತ್ತು. ಅಂತಹ ವಾಸನೆಯನ್ನು ಚುಚ್ಚಿದ ವೈದ್ಯರು ಕಾಣಲಿಲ್ಲ. ಈ ಸಂಗತಿಗಳಿಗೆ ದೊರೆಯಬೇಕಾದ ಬೆಲೆ ದೊರೆಯಲಿಲ್ಲ. ಹಾಫ್‌ಕಿನ್ನರು ಪ್ರಯೋಗಶಾಲೆಯ ಅಧಿಕಾರವನ್ನು ಕಳೆದುಕೊಂಡು, 1904ರಲ್ಲಿ ಕಳಂಕವನ್ನು ಹೊತ್ತು ಭಾರತವನ್ನು ಬಿಟ್ಟರು.

1907ರ ಜುಲೈಯಲ್ಲಿ ಮಲೇರಿಯಾ ಸಂಶೋಧಕರಾದ ರೊನಾಲ್ಡ್ ರಾಸರೂ ಇತರ ವಿಜ್ಞಾನಿಗಳೂ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಪರವಾಗಿ ಬಹಿರಂಗವಾಗಿ ವಾದಿಸಿದರು. ಅದೇ ವರ್ಷ ಅವರ ಮೇಲಣ ಅಪವಾದವು ತೊಲಗಿತು. ಹಾಫ್‌ಕಿನ್ನರು ಕಲ್ಕತ್ತೆಗೆ ಮರಳಿದರು. ಆದರೆ ಪರೇಲಿನ ಪ್ರಯೋಗಶಾಲೆಯು ಅವರಿಗೆ ಮತ್ತೆ ದೊರೆಯಲಿಲ್ಲ. ಸೇವೆಯಿಂದ ನಿವೃತ್ತರಾಗಿ ಯುರೋಪಿಗೆ ತೆರಳಿ, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಕಾಲವಾದರು. 1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರನ್ನಿಟ್ಟದ್ದೊಂದೇ ಈ ದೇಶವು ಅವರಿಗೆ ಮಾಡಿದ ಪ್ರಾಯಶ್ಚಿತ್ತ.

ಆ ಹತ್ತೊಂಬತ್ತು ಜೀವಗಳ ನಷ್ಟವು ಅಲ್ಪವೆಂದು ಯಾರೂ ಹೇಳಲಾರರು. ಅವರ ಸಾವಿಗೆ ಕಾರಣವನ್ನು ಹುಡುಕುವುದು ಸರಕಾರದ ಧರ್ಮವೇ ಆಗಿತ್ತು. ಆದರೆ ಕಾರಣವನ್ನು ಹುಡುಕುವುದು ಬೇರೆ, ಹೊಣೆಯನ್ನು ಹೊರಿಸಲು ಒಬ್ಬನನ್ನು ಹುಡುಕುವುದು ಬೇರೆ. ಎರಡನೆಯದರಿಂದ ಒಬ್ಬ ನಿರಪರಾಧಿಯು ನೊಂದನಲ್ಲದೆ, ದೇಶವೂ ಅವನ ಬುದ್ಧಿಶಕ್ತಿಯ ಅತ್ಯುತ್ತಮ ವರ್ಷಗಳನ್ನು ಕಳೆದುಕೊಂಡಿತು. ವಿಚಾರಣೆ ನಡೆಸುವ ಪ್ರತಿಯೊಬ್ಬ ಅಧಿಕಾರಿಯೂ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಜನರು ಕಲಿಯಬೇಕಾದುದೂ ಉಂಟು. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತವು ನಿವಾರಿಸಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮನ್ನಿಸಿತು. ಆದರೂ ಮಣ್ಣಿನಲ್ಲಿರುವ ಜೀವಿಯು ಅಳಿದಿಲ್ಲ, ಅಳಿಯುವಂತೆಯೂ ಇಲ್ಲ. ಈ ಬೇನೆಯು ಒಬ್ಬರಿಂದೊಬ್ಬರಿಗೆ ಹರಡುವುದಲ್ಲವಾದ್ದರಿಂದ, ನೆರೆಯವರು ಮದ್ದು ಚುಚ್ಚಿಸಿಕೊಂಡರೆ ನಮಗೆ ರಕ್ಷೆಯಿಲ್ಲ. ಗಾಯವನ್ನು ತೊಳೆದು, ಆಸ್ಪತ್ರೆಗೆ ಹೋಗಿ, ಚುಚ್ಚುಮದ್ದನ್ನು ಸಕಾಲದಲ್ಲಿ ಪಡೆಯುವುದು ಪ್ರತಿಯೊಬ್ಬನೂ ತಾನೇ ನಡೆಸಬೇಕಾದ ಕರ್ತವ್ಯ.