ಕಾಲಾ ಮೋತಿಯಾ ಮತ್ತು ಬರ್ಲಿನ್ನಿನ ಡಾಕ್ಟರ್

ಕಮಲಾಪುರದಲ್ಲಿರುವ ನನ್ನ ನಾನಿ ಎರಡು ವರ್ಷದ ಹಿಂದೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ಎದುರಿಗಿದ್ದವರ ಮುಖ ಕಾಣುತ್ತಿತ್ತು, ಪಕ್ಕದಲ್ಲಿಟ್ಟ ಚಹಾದ ಕಪ್ಪು ಕಾಣುತ್ತಿರಲಿಲ್ಲ. ಕಣ್ಣಿನ ಪೊರೆ ಇರಬೇಕು, ಬಲಿತ ಮೇಲೆ ಆಪರೇಷನ್ ಮಾಡಿಸೋಣ ಎಂದು ನಾವೆಲ್ಲ ಸುಮ್ಮನಿದ್ದೆವು. ಕಲಬುರಗಿಗೆ ಕರೆತಂದು ತೋರಿಸಿದಾಗ ಅದು ಗ್ಲಾಕೋಮಾ ಎಂದು ತಿಳಿಯಿತು. ನಮ್ಮ ಮನೆಯ ಉರ್ದುವಿನಲ್ಲಿ ಕಾಲಾ ಮೋತಿಯಾ. ಬಲಗಣ್ಣು ಬಹುತೇಕ ಹೋಗಿತ್ತು. ಪೊರೆ ತೆಗೆದರೆ ದೃಷ್ಟಿ ಮರಳುತ್ತದೆ, ಗ್ಲಾಕೋಮಾದಲ್ಲಿ ಹೋದದ್ದು ಮರಳುವುದಿಲ್ಲ.

ನಾನು ವಾಣಿಜ್ಯ ವಿಭಾಗದವನು. ಆದರೂ ಈ ರೋಗದ ಬಗ್ಗೆ ಓದುತ್ತಾ ಹೋದೆ. ಆಗ ಸಿಕ್ಕಿದ ಹೆಸರು ಆಲ್ಬ್ರೆಕ್ಟ್ ಫಾನ್ ಗ್ರೇಫೆ.

ಅವರು ಹುಟ್ಟಿದ್ದು 1828ರಲ್ಲಿ, ಜರ್ಮನಿಯ ಬರ್ಲಿನ್ನಿನಲ್ಲಿ. ತಂದೆ ಹೆಸರಾಂತ ಶಸ್ತ್ರವೈದ್ಯರು. ಮಗನಿಗೆ 12 ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಗ್ರೇಫೆ 19ನೇ ವಯಸ್ಸಿಗೇ ಡಾಕ್ಟರಾದರು. ಪ್ರಾಗ್, ಪ್ಯಾರಿಸ್, ವಿಯೆನ್ನಾ, ಲಂಡನ್ ಸುತ್ತಿ ಕಲಿತು, ಬರ್ಲಿನ್ನಿಗೆ ಮರಳಿ ಕಣ್ಣಿನ ಆಸ್ಪತ್ರೆ ತೆರೆದರು. ಅಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ಸಿಗುತ್ತಿತ್ತು.

1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಕಣ್ಣಿನ ಒಳಭಾಗ ನೋಡುವ ಉಪಕರಣವನ್ನು ಲೋಕಕ್ಕೆ ತಿಳಿಸಿದರು. ಗ್ರೇಫೆ ಅದನ್ನು ಹಿಡಿದು ರೋಗಿಗಳ ಕಣ್ಣುಗಳನ್ನು ನೋಡತೊಡಗಿದರು. ಗ್ಲಾಕೋಮಾ ರೋಗಿಗಳಲ್ಲಿ ಕಣ್ಣಿನ ನರದ ತುದಿ ಉಬ್ಬಿದೆ ಎಂದು ಬರೆದರು. ಅದು ತಪ್ಪಾಗಿತ್ತು. ನರ ಉಬ್ಬಿರಲಿಲ್ಲ, ಒಳಗೆ ಕುಳಿಬಿದ್ದಿತ್ತು. ಒಂದೇ ಕಣ್ಣಿನಿಂದ ನೋಡುವ ಆ ಉಪಕರಣದಲ್ಲಿ ಉಬ್ಬು ತಗ್ಗು ಗುರುತಿಸುವುದು ಕಷ್ಟ. ತಪ್ಪು ಗೊತ್ತಾದ ಮೇಲೆ ಗ್ರೇಫೆ ಹಟ ಹಿಡಿಯದೆ ತಿದ್ದಿಕೊಂಡರು.

ಆ ಕಾಲದಲ್ಲಿ ಗ್ಲಾಕೋಮಾ ಬಂತೆಂದರೆ ಕುರುಡುತನವೇ ಗತಿ ಎಂಬಂತಿತ್ತು. ಕಣ್ಣಿನೊಳಗಿನ ಒತ್ತಡ ಇಳಿಸಿದರೆ ದೃಷ್ಟಿ ಉಳಿಯಬಹುದು ಎಂದು ಗ್ರೇಫೆ ಯೋಚಿಸಿದರು. ಕಣ್ಣಿನ ಬಣ್ಣದ ಪರದೆಯ ಒಂದು ಸಣ್ಣ ತುಂಡನ್ನು ಕತ್ತರಿಸಿ ತೆಗೆದರು. ತಟ್ಟನೆ ನೋವಿನೊಂದಿಗೆ ಬರುವ ಗ್ಲಾಕೋಮಾದಲ್ಲಿ ಇದು ಫಲ ಕೊಟ್ಟಿತು. 1857ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ಕಣ್ಣಿನ ವೈದ್ಯರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದನ್ನು ವಿವರಿಸಿದರು. ನಾನಿಗೆ ಬಂದಂಥ, ನೋವಿಲ್ಲದೆ ನಿಧಾನವಾಗಿ ಬರುವ ಬಗೆಗೆ ಅದು ಅಷ್ಟು ಫಲ ಕೊಡಲಿಲ್ಲ.

ಅದೇ 1857ರಲ್ಲಿ ಹೈಡಲ್‌ಬರ್ಗ್ ಊರಿನಲ್ಲಿ ಗ್ರೇಫೆ ಮತ್ತು ಗೆಳೆಯರು ಸೇರಿದರು. ತಾವು ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿ ಚರ್ಚಿಸುವ ಆ ಕೂಟವೇ ಬೆಳೆದು ಜರ್ಮನ್ ನೇತ್ರವೈದ್ಯರ ಸಂಘವಾಯಿತು. ಒಂದೇ ವೈದ್ಯ ವಿಭಾಗಕ್ಕಾಗಿ ಹುಟ್ಟಿದ ಸಂಘಗಳಲ್ಲಿ ಇದನ್ನು ಅತ್ಯಂತ ಹಳೆಯದೆಂದು ಹೇಳುತ್ತಾರೆ. ನಮ್ಮ ಪಾಠದ ಭಾಷೆಯಲ್ಲಿ ಹೇಳುವುದಾದರೆ, ಬರೆದವನೇ ತನ್ನ ಲೆಕ್ಕವನ್ನು ಆಡಿಟ್ ಮಾಡಿದರೆ ಸಾಲದು. ಇನ್ನೊಬ್ಬರು ನೋಡಬೇಕು. ಇಂದು ಗ್ಲಾಕೋಮಾಕ್ಕೆಂದೇ ಬೇರೆ ಸಂಘಗಳಿವೆ. ನಮ್ಮ ದೇಶದಲ್ಲಿ ಗ್ಲಾಕೋಮಾ ಸೊಸೈಟಿ ಆಫ್ ಇಂಡಿಯಾ ಇದೆ. ಪ್ರತಿ ವರ್ಷ ಮಾರ್ಚ್‌ನಲ್ಲಿ ವಿಶ್ವ ಗ್ಲಾಕೋಮಾ ಸಪ್ತಾಹ ನಡೆಯುತ್ತದೆ.

ಗ್ರೇಫೆ ಕ್ಷಯರೋಗದಿಂದ 1870ರ ಜುಲೈ 20ರಂದು ತೀರಿಕೊಂಡರು. ಆಗ ಅವರಿಗೆ 42 ವರ್ಷ.

ಈ ರೋಗ ರಕ್ತಸಂಬಂಧಿಗಳಿಗೆ ಬರುವ ಸಾಧ್ಯತೆ ಹೆಚ್ಚು. ಅದಕ್ಕೇ ಕಳೆದ ರಜೆಯಲ್ಲಿ ಅಮ್ಮಿಯನ್ನೂ ಮಾಮುವನ್ನೂ ಕಣ್ಣಿನ ಒತ್ತಡ ಪರೀಕ್ಷೆಗೆ ಕರೆದುಕೊಂಡು ಹೋದೆ. ಅಮ್ಮಿಗೆ ಏನೂ ಇಲ್ಲ. ಮಾಮುವಿಗೆ ಶುರುವಾಗಿದೆ, ಆದರೆ ದೃಷ್ಟಿ ಇನ್ನೂ ಪೂರ್ತಿ ಇದೆ. ಈಗ ನಾನಿಗೆ ರಾತ್ರಿಯ ಹನಿ ಹಾಕುವಾಗ ಮಾಮು ತಾವೂ ಹಾಕಿಸಿಕೊಳ್ಳುತ್ತಾರೆ. ಗೆಳೆಯರೇ, ನಿಮ್ಮ ಮನೆಯಲ್ಲಿ 40 ದಾಟಿದವರಿದ್ದರೆ ಒಮ್ಮೆ ತೋರಿಸಿ. ಬಲಿಯಲಿ ಎಂದು ಕಾಯಬೇಡಿ.