ಶೇಷಾದ್ರಿ ಅಯ್ಯರ್: ಕೋಲಾರದ ಚಿನ್ನವನ್ನು ಬೊಕ್ಕಸಕ್ಕೆ ತಂದ ದಿವಾನರು

ಕೋಲಾರ: ರೈತ ತೆತ್ತ ಕಂದಾಯ ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಎಷ್ಟು ಅವನ ಊರಿಗೆ ಮರಳುತ್ತದೆ ಎಂಬ ಪ್ರಶ್ನೆ ಕೋಲಾರ ಸೀಮೆಗೆ ಹೊಸದಲ್ಲ. ಒಂದು ಕಾಲಕ್ಕೆ ಇಲ್ಲಿ ಆಳಿದ ಸುಗಟೂರು ಪಾಳೆಯಗಾರರು ವಸೂಲಿ ಮಾಡಿದ್ದೂ ಇಲ್ಲೇ, ಕೋಟೆ ಕೆರೆಗಳನ್ನು ಕಟ್ಟಿಸಿದ್ದೂ ಇಲ್ಲೇ. ಹೊಸಕೋಟೆಯ ಕೋಟೆ 1595ರ ಸುಮಾರಿಗೆ ಸುಗಟೂರಿನ ತಮ್ಮೇಗೌಡ ಕಟ್ಟಿಸಿದ್ದು. ಅಲ್ಲಿನ ದೊಡ್ಡ ಕೆರೆಯೂ ಅದೇ ಮನೆತನದ ಹೆಸರಿನಲ್ಲಿದೆ.

ಮುನ್ನೂರು ವರ್ಷಗಳ ನಂತರ ಅದೇ ಸುಗಟೂರಿನ ಕಂದಾಯ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಹೋಗುತ್ತಿತ್ತು. ಅದನ್ನು ಹೇಗೆ ತುಂಬಬೇಕು, ಯಾವುದಕ್ಕೆ ವೆಚ್ಚ ಮಾಡಬೇಕು ಎಂಬುದನ್ನು 1883ರಿಂದ 1901ರವರೆಗೆ ನಿರ್ಧರಿಸಿದವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್.

ಸಾಲದ ಬೊಕ್ಕಸ

ಪಾಲಕ್ಕಾಡಿನಲ್ಲಿ 1845ರ ಜೂನ್ 1ರಂದು ಜನಿಸಿದ ಶೇಷಾದ್ರಿ ಅಯ್ಯರ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪದವೀಧರರು. 1868ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿ, ನ್ಯಾಯಾಂಗ ಹಾಗೂ ಕಂದಾಯ ಇಲಾಖೆಗಳಲ್ಲಿ ಪಳಗಿದರು. ದಿವಾನ್ ಸಿ. ರಂಗಾಚಾರ್ಲು 1883ರ ಜನವರಿಯಲ್ಲಿ ನಿಧನರಾದಾಗ ಮಹಾರಾಜ ಚಾಮರಾಜೇಂದ್ರ ಒಡೆಯರು 37 ವರ್ಷದ ಈ ಅಧಿಕಾರಿಯನ್ನು ಆ ಸ್ಥಾನಕ್ಕೆ ನೇಮಿಸಿದರು.

ಅವರಿಗೆ ದೊರೆತದ್ದು ಸುಖದ ಅಧಿಕಾರವಲ್ಲ. 1876-78ರ ಭೀಕರ ಕ್ಷಾಮದಲ್ಲಿ ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತ್ತು. ಕೋಲಾರ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲೊಂದು. ಕ್ಷಾಮ ಪರಿಹಾರಕ್ಕೆ ತಂದ ಸುಮಾರು 80 ಲಕ್ಷ ರೂಪಾಯಿ ಸಾಲ ತಲೆಯ ಮೇಲಿತ್ತು. ಇದರ ಜೊತೆಗೆ ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಸಲ್ಲಬೇಕಿತ್ತು. 1896ರಿಂದ ಅದು 35 ಲಕ್ಷಕ್ಕೇರಿತು. ಹೀಗೆ ಪ್ರಜೆಗಳು ತೆತ್ತ ಹಣದ ಗಣನೀಯ ಭಾಗ ಸಂಸ್ಥಾನದಲ್ಲಿ ಒಂದು ಕಾಲುವೆಯನ್ನಾಗಲಿ ಶಾಲೆಯನ್ನಾಗಲಿ ಕಾಣದೆ ಹೊರಗೆ ಹರಿಯುತ್ತಿತ್ತು.

ಭೂಕಂದಾಯದ ದರವನ್ನು ಮೂವತ್ತು ವರ್ಷಗಳ ಅವಧಿಗೆ ನಿಗದಿ ಮಾಡುವ ಪದ್ಧತಿ ಆಗ ಜಾರಿಯಲ್ಲಿತ್ತು. ಮನಸ್ಸಿಗೆ ಬಂದಂತೆ ಅದನ್ನು ಏರಿಸಲು ಆಗುತ್ತಿರಲಿಲ್ಲ. ಕ್ಷಾಮದಿಂದ ಚೇತರಿಸಿಕೊಳ್ಳುತ್ತಿದ್ದ ರೈತನಿಗೆ ಅದನ್ನು ತಾಳುವ ಶಕ್ತಿಯೂ ಇರಲಿಲ್ಲ. ದಿವಾನರು ಬೇರೆ ಮೂಲಗಳತ್ತ ತಿರುಗಿದರು.

ಗಣಿಯ ಪಾಲು

ಕೋಲಾರದ ಚಿನ್ನ ಅವರ ಕೈ ಹಿಡಿಯಿತು. 1880ರಿಂದ ಜಾನ್ ಟೇಲರ್ ಸಂಸ್ಥೆಯ ನೇತೃತ್ವದಲ್ಲಿ ಗಣಿಗಾರಿಕೆ ವೇಗ ಪಡೆದಿತ್ತು. ಉತ್ಪಾದನೆಯಾದ ಚಿನ್ನದ ಮೇಲೆ ಸಂಸ್ಥಾನಕ್ಕೆ ಶೇ 5ರಷ್ಟು ರಾಜಧನ ಸಂದಿತು. ನೇಗಿಲು ಹಿಡಿದವನ ಮೇಲೆ ಹೊಸ ಭಾರ ಹೊರಿಸದೆ ಲಂಡನ್ನಿನ ಷೇರುದಾರರ ಲಾಭದಿಂದ ಪಾಲು ಪಡೆಯುವ ಈ ಮಾರ್ಗ ನ್ಯಾಯಸಮ್ಮತವೂ ಆಗಿತ್ತು, ಲಾಭದಾಯಕವೂ ಆಗಿತ್ತು. ಆದರೆ ಅದೇ ಅವಧಿಯಲ್ಲಿ ಅಬ್ಕಾರಿ ವರಮಾನವೂ ಬಹಳ ಬೆಳೆಯಿತು. ಅದು ಬಂದದ್ದು ಬಹುಪಾಲು ಕೂಲಿಕಾರರ ಜೇಬಿನಿಂದ.

ಬಂದ ಹಣವನ್ನು ಶೇಷಾದ್ರಿ ಅಯ್ಯರ್ ದೀರ್ಘಕಾಲ ಬಾಳುವ ಕಾಮಗಾರಿಗಳಿಗೆ ಸುರಿದರು. ರೈಲು ಮಾರ್ಗ 1889ರಲ್ಲಿ ಹರಿಹರ ತಲುಪಿತು. ನೀರಾವರಿಗೆ ಸುಮಾರು ಒಂದು ಕೋಟಿ ರೂಪಾಯಿ ವೆಚ್ಚವಾಯಿತು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟುವ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಅದೇ ವಾಣಿವಿಲಾಸ ಸಾಗರ. 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. 1898ರಲ್ಲಿ ಪ್ಲೇಗು ಅಪ್ಪಳಿಸಿದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ನಿರ್ಮಾಣಕ್ಕೆ ಚುರುಕು ಬಂತು.

ಎಲ್ಲಕ್ಕಿಂತ ದೊಡ್ಡ ಸಾಹಸ ಶಿವನಸಮುದ್ರದ ಜಲವಿದ್ಯುತ್ ಯೋಜನೆ. ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೇರ್ ರೂಪಿಸಿದ ಈ ಯೋಜನೆಗೆ, ವಿದ್ಯುತ್ ಎಂದರೇನೆಂದು ಹೆಚ್ಚಿನವರು ಅರಿಯದ ಕಾಲದಲ್ಲಿ ದಿವಾನರು ಸಾರ್ವಜನಿಕ ಹಣ ತೊಡಗಿಸಿದರು. ಗಣಿ ಕಂಪನಿಗಳೇ ಗ್ರಾಹಕರಾದ್ದರಿಂದ ಹೂಡಿದ ಬಂಡವಾಳ ಮರಳಿ ಬರುವ ಭರವಸೆ ಇತ್ತು. 1902ರ ಜೂನ್ 30ರಂದು ಸುಮಾರು 148 ಕಿ.ಮೀ. ದೂರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. 1901ರ ಸೆಪ್ಟೆಂಬರ್ 13ರಂದು ಅವರು ನಿಧನರಾಗಿದ್ದರು.

ಸುಗಟೂರಿಗೆ ಬಂದದ್ದೆಷ್ಟು?

ವಿದ್ಯುತ್ ಮೊದಲು ಗಣಿಗೆ, 1905ರಲ್ಲಿ ಬೆಂಗಳೂರಿಗೆ ದೊರೆಯಿತು. ಗಣಿಯ ಪಕ್ಕದ ಹಳ್ಳಿಗಳು ದಶಕಗಳ ಕಾಲ ಕತ್ತಲೆಯಲ್ಲೇ ಉಳಿದವು. ಗಣಿಗಳಿಗೆ ರೈಲು ಅವರ ಕಾಲದಲ್ಲೇ ಬಂದರೆ, ಜಿಲ್ಲಾ ಕೇಂದ್ರವಾದ ಕೋಲಾರ ಪಟ್ಟಣ ಕಿರು ಹಳಿಯ ರೈಲು ಕಾಣಲು 1913ರವರೆಗೆ ಕಾಯಬೇಕಾಯಿತು. ಹೆಚ್ಚು ವರಮಾನ ಹುಟ್ಟುವಲ್ಲಿ ಮೊದಲು ವೆಚ್ಚ ಎಂಬ ಲೆಕ್ಕಾಚಾರ ಬೊಕ್ಕಸವನ್ನು ಉಳಿಸಿತು ನಿಜ. ಆದರೆ ನದಿಯಿಲ್ಲದ ಸೀಮೆಯಲ್ಲಿ ಕೆರೆಯನ್ನೇ ನಂಬಿ ಕಂದಾಯ ಕಟ್ಟುತ್ತಿದ್ದ ರೈತ ಆ ಲೆಕ್ಕದಲ್ಲಿ ಹಿಂದಿನ ಸಾಲಿಗೆ ಸರಿದ.

ಅವನ ಅಹವಾಲು ಹೇಳಲು ವೇದಿಕೆ ಇರಲಿಲ್ಲವೆಂದಲ್ಲ. ರಂಗಾಚಾರ್ಲು 1881ರಲ್ಲಿ 144 ಸದಸ್ಯರೊಂದಿಗೆ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯ ಮುಂದೆ ಶೇಷಾದ್ರಿ ಅಯ್ಯರ್ ಪ್ರತಿ ದಸರಾದಲ್ಲೂ ಸಂಸ್ಥಾನದ ಜಮಾ ಖರ್ಚು ಇಡುತ್ತಿದ್ದರು. 1891ರಲ್ಲಿ ಸದಸ್ಯರ ಚುನಾವಣೆಗೂ ಅವಕಾಶವಾಯಿತು. ಆದರೆ ಮತದ ಹಕ್ಕು ಮುಖ್ಯವಾಗಿ ಹೆಚ್ಚು ಕಂದಾಯ ಕಟ್ಟುವವರಿಗೆ ಸೀಮಿತವಾಗಿತ್ತು. ಸಭೆ ಕೇಳಬಹುದಿತ್ತು, ಬೇಡಬಹುದಿತ್ತು. ತೆರಿಗೆಯನ್ನಾಗಲಿ ವೆಚ್ಚವನ್ನಾಗಲಿ ತಡೆಯುವ ಅಧಿಕಾರ ಅದಕ್ಕಿರಲಿಲ್ಲ. ಅಂತಿಮ ತೀರ್ಮಾನ ದಿವಾನರದ್ದೇ. ತೀರ್ಮಾನಿಸುವವರು ಸಮರ್ಥರೂ ದೂರದರ್ಶಿಗಳೂ ಆಗಿದ್ದರೂ ತೆತ್ತವನ ದನಿಗೆ ತೂಕವಿಲ್ಲದಿದ್ದರೆ ಹಂಚಿಕೆ ಒಂದು ಕಡೆಗೆ ವಾಲುತ್ತದೆ ಎಂಬುದಕ್ಕೆ ಅವರ ಆಡಳಿತವೇ ಸಾಕ್ಷಿ.

ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಹಾಗೂ ಶೇಷಾದ್ರಿಪುರಂ ಬಡಾವಣೆ ಬೆಂಗಳೂರಿನಲ್ಲಿ ಅವರ ಹೆಸರನ್ನು ಉಳಿಸಿವೆ. ಅವರ ಬೊಕ್ಕಸ ತುಂಬಿದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅವರು ಕೊಳವೆ ನೀರು ಕೊಟ್ಟ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ನೀರನ್ನು ಮೂರನೇ ಹಂತದಲ್ಲೂ ಶುದ್ಧೀಕರಿಸಿ ಕೊಡಬೇಕೆಂದು ಜಿಲ್ಲೆಯ ರೈತರು ಬೇಡಿಕೆ ಇಟ್ಟಿದ್ದಾರೆ. ತಾನು ತೆತ್ತದ್ದಕ್ಕೆ ತನಗೆ ಬಂದದ್ದೆಷ್ಟು ಎಂದು ಕೋಲಾರ ಕೇಳುವುದು ಇನ್ನೂ ನಿಂತಿಲ್ಲ.